ಮನೆಗೊಂದು ಕಾರ್ ಬ್ಯಾಟರಿ ಚಾರ್ಜರ್: ಎಂಥದ್ದು ಬೇಕು, ಎಷ್ಟು ಆಂಪಿಯರ್‌ದು ಬೇಕು?

ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿಕೊಂಡು ಇಪ್ಪತ್ತು ದಿನ ಹೋಗಿ ಬಂದಿರುತ್ತೀರಿ. ಕಾರಿನ ಕೀ ತಿರುವಿದರೆ ‘ಟಕ್ ಟಕ್’ ಅಂದು ಸುಮ್ಮನಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಓಣಿಗಳಲ್ಲಿ ಮೇ ತಿಂಗಳಲ್ಲಿ ಇದು ದಿನದ ಮಾತು. ಓಣಿಯವರು ನಾಲ್ಕು ಮಂದಿ ಸೇರಿ ತಳ್ಳುತ್ತಾರೆ. ಆಟೋಮ್ಯಾಟಿಕ್ ಗೇರಿನ ಕಾರಾದರೆ ತಳ್ಳಿಯೂ ಪ್ರಯೋಜನವಿಲ್ಲ. ಬ್ಯಾಟರಿ ಬಿಚ್ಚಿ ಅಂಗಡಿಗೆ ಒಯ್ದರೆ ಒಂದು ರಾತ್ರಿ ಚಾರ್ಜಿಗೆ ಇಟ್ಟುಕೊಂಡು ಮರುದಿನ ಕೊಡುತ್ತಾರೆ. ಎರಡು ಸಲ ಹೀಗಾದ ಮೇಲೆ ಮನೆಯಲ್ಲೇ ಒಂದು ಚಾರ್ಜರ್ ಇಟ್ಟುಕೊಳ್ಳೋಣ ಅನ್ನಿಸುತ್ತದೆ. ಹುಡುಕಲು ಕೂತರೆ 2 ಆಂಪಿಯರ್, 6 ಆಂಪಿಯರ್, 20 ಆಂಪಿಯರ್, ಪಲ್ಸ್ ರಿಪೇರ್, 12/24 ವೋಲ್ಟ್ ಎಂದು ಹತ್ತು ತರಹದವು ಎದುರಿಗೆ ಬರುತ್ತವೆ.

ಇಲ್ಲಿ ಹೇಳುತ್ತಿರುವುದು ಬಾನೆಟ್ ಕೆಳಗಿನ 12 ವೋಲ್ಟ್ ಬ್ಯಾಟರಿಯ ಚಾರ್ಜರ್ ಬಗ್ಗೆ. ಎಲೆಕ್ಟ್ರಿಕ್ ಕಾರಿಗೆ ಗೋಡೆಯ ಮೇಲೆ ಕೂರಿಸುವ ಚಾರ್ಜರೇ ಬೇರೆ. ಆದರೆ ಎಲೆಕ್ಟ್ರಿಕ್ ಕಾರಿನಲ್ಲೂ ಲೈಟು, ಲಾಕು, ಕಂಪ್ಯೂಟರಿಗೆಂದು ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಇಳಿದರೆ ಆ ಕಾರೂ ಎಚ್ಚರವಾಗುವುದಿಲ್ಲ.

ಬ್ಯಾಟರಿ ಒಳಗೆ ಏನು ನಡೆಯುತ್ತದೆ

12 ವೋಲ್ಟ್ ಬ್ಯಾಟರಿ ಎಂದರೆ ಒಂದೇ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿದ ಆರು ಸೆಲ್‌ಗಳು. ತುಂಬಿದಾಗ ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ, ಆರೂ ಸೇರಿ 12.6. ಈ ಲೆಕ್ಕ ನೆನಪಿರಲಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ. ಒಳಗೆ ಸೀಸದ ಪ್ಲೇಟುಗಳಿವೆ, ಸುತ್ತ ನೀರು ಬೆರೆಸಿದ ಗಂಧಕಾಮ್ಲ ಇದೆ. ಕರೆಂಟು ಖರ್ಚಾದಂತೆ ಆಮ್ಲದಲ್ಲಿನ ಗಂಧಕ ಪ್ಲೇಟಿಗೆ ಹತ್ತಿಕೊಂಡು ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜ್ ಮಾಡಿದರೆ ಅದು ಕರಗಿ ಆಮ್ಲಕ್ಕೆ ವಾಪಸಾಗುತ್ತದೆ.

ಬೋರ್‌ವೆಲ್‌ನ ಸವಳು ನೀರು ಕಾಯಿಸುವ ಪಾತ್ರೆಯನ್ನು ನೆನೆಸಿಕೊಳ್ಳಿ. ಅಂದಂದೇ ತಿಕ್ಕಿದರೆ ಬಿಳಿ ಪದರ ಹೋಗುತ್ತದೆ. ತಿಂಗಳು ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಕೆರೆದರೂ ಬಿಡದು. ಪ್ಲೇಟಿನ ಮೇಲಿನ ಸಲ್ಫೇಟೂ ಹಾಗೇ. ಬ್ಯಾಟರಿ ಒಂದು ಸಲ ಇಳಿದದ್ದಕ್ಕಿಂತ, ಇಳಿದ ಮೇಲೆ ವಾರಗಟ್ಟಲೆ ಹಾಗೇ ಬಿಟ್ಟದ್ದು ಅದನ್ನು ಹೆಚ್ಚು ಕೆಡಿಸುತ್ತದೆ.

ನಿಲ್ಲಿಸಿದ ಕಾರಿನ ಬ್ಯಾಟರಿ ಇಳಿಯುವುದಾದರೂ ಯಾಕೆ? ಅಲಾರಂ, ರಿಮೋಟ್ ಲಾಕ್, ಗಡಿಯಾರ, ಕಂಪ್ಯೂಟರ್ ಎಲ್ಲವೂ ಸದಾ ಒಂದಿಷ್ಟು ಕರೆಂಟು ಕುಡಿಯುತ್ತಲೇ ಇರುತ್ತವೆ. ಅದು 40 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ ಹೆಚ್ಚುಕಡಿಮೆ 1 ಆಂಪಿಯರ್-ಅವರ್ ಆಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಹೆಚ್ಚಾಗಿ 35 ಎಎಚ್. ಅಂದರೆ 35 ಆಂಪಿಯರ್-ಅವರ್ ಹಿಡಿಯುವ ಕೊಡ. ಇಪ್ಪತ್ತು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದರೆ ಇನ್ನೂ ಬೇಗ.

ಓಡಿಸಿದರೆ ತುಂಬುವುದಿಲ್ಲವೇ?

ಸ್ಟಾರ್ಟ್ ಮಾಡಲು ಹೋದ ಕರೆಂಟು ಬೇಗ ತುಂಬುತ್ತದೆ. ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆದರೂ ಅದು ಮೂರು ಸೆಕೆಂಡಿನ ಮಾತು. 200ನ್ನು 3ರಿಂದ ಗುಣಿಸಿ, ಗಂಟೆಯ 3600 ಸೆಕೆಂಡಿನಿಂದ ಭಾಗಿಸಿದರೆ 0.17 ಎಎಚ್. ಕೆಲವು ನಿಮಿಷ ಓಡಿದರೆ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ) ಅಷ್ಟನ್ನು ಮರಳಿ ಕೊಡುತ್ತದೆ.

ಆದರೆ 20 ಎಎಚ್ ಇಳಿದ ಬ್ಯಾಟರಿಯ ಕಥೆ ಬೇರೆ. ಬ್ಯಾಟರಿ ತುಂಬುತ್ತ ಬಂದಂತೆ ಅದು ಎಳೆದುಕೊಳ್ಳುವ ಕರೆಂಟು ಕಡಿಮೆಯಾಗುತ್ತ ಹೋಗುತ್ತದೆ. ಕೊನೆಯ 20 ಪ್ರತಿಶತ ತುಂಬಲು ಗಂಟೆಗಳೇ ಬೇಕು. ಎಸಿ ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿ ಬಂದರೆ ಅದು ತುಂಬುವುದಿಲ್ಲ. ಅರ್ಧಂಬರ್ಧ ತುಂಬಿ ಮತ್ತೆ ನಿಲ್ಲಿಸುತ್ತೀರಿ, ಮತ್ತೆ ಇಳಿಯುತ್ತದೆ, ಆ ಬಿಳಿ ಪದರ ಗಟ್ಟಿಯಾಗುತ್ತ ಹೋಗುತ್ತದೆ. ಮನೆಯ ಚಾರ್ಜರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಾರಿಗೆ. ದಿನಾ ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿ ಬರುವ ಕಾರಿಗೆ ಇದರ ಅಗತ್ಯವಿಲ್ಲ.

ಆಂಪಿಯರ್ ಲೆಕ್ಕ

ಹೆಚ್ಚು ಆಂಪಿಯರ್ ಎಂದರೆ ಹೆಚ್ಚು ಒಳ್ಳೆಯ ಚಾರ್ಜರ್ ಎಂಬ ನಂಬಿಕೆ ತಪ್ಪು. ಬ್ಯಾಟರಿ ಮೇಲೆ ಬರೆದ ಎಎಚ್ ಅಂಕಿಯ ಹತ್ತನೇ ಒಂದು ಭಾಗದಷ್ಟು ಕರೆಂಟು ಕೊಟ್ಟರೆ ಬ್ಯಾಟರಿಗೆ ಹಿತ, ಐದನೇ ಒಂದು ಭಾಗದವರೆಗೆ ನಡೆಯುತ್ತದೆ. 35 ಎಎಚ್ ಬ್ಯಾಟರಿಗೆ 3.5ರಿಂದ 7 ಆಂಪಿಯರ್, 65 ಎಎಚ್‌ಗೆ 6.5ರಿಂದ 13. ಲೇಬಲ್ಲಿನಲ್ಲಿ ಸಿಸಿಎ ಎಂಬ ದೊಡ್ಡ ಅಂಕಿಯೂ ಇರುತ್ತದೆ, 300, 400 ಎಂದು. ಅದು ಸ್ಟಾರ್ಟ್ ಮಾಡುವ ಶಕ್ತಿಯ ಅಳತೆ. ಚಾರ್ಜರಿನ ಲೆಕ್ಕಕ್ಕೆ ಅದು ಬೇಡ.

ಎಷ್ಟು ಹೊತ್ತು ಬೇಕು? ಖಾಲಿಯಾದ ಎಎಚ್ ಅನ್ನು 1.2ರಿಂದ ಗುಣಿಸಿ (ಒಂದಿಷ್ಟು ಶಾಖವಾಗಿ ಹೋಗುತ್ತದೆ), ಚಾರ್ಜರಿನ ಆಂಪಿಯರ್‌ನಿಂದ ಭಾಗಿಸಿ. ಅರ್ಧ ಖಾಲಿಯಾದ 35 ಎಎಚ್ ಬ್ಯಾಟರಿಗೆ 17.5 × 1.2 ÷ 4, ಅಂದರೆ ಐದೂ ಕಾಲು ಗಂಟೆ. ಕೊನೆಯ ನಿಧಾನದ ಹಂತಕ್ಕೆ ಇನ್ನೆರಡು ಮೂರು ಗಂಟೆ ಸೇರಿಸಿ. ರಾತ್ರಿ ಊಟವಾದ ಮೇಲೆ ಹಚ್ಚಿದರೆ ಬೆಳಿಗ್ಗೆ ತಯಾರು. 1 ಆಂಪಿಯರ್‌ನ ಸಣ್ಣ ಚಾರ್ಜರಿಗೆ ಇದೇ ಕೆಲಸಕ್ಕೆ ಪೂರ್ತಿ ಒಂದು ದಿನ ಹಿಡಿಯುತ್ತದೆ. ಅದು ತುಂಬಿದ ಬ್ಯಾಟರಿಯನ್ನು ತುಂಬಿದಂತೆ ಕಾಯ್ದುಕೊಳ್ಳಲು ಸರಿ, ಇಳಿದದ್ದನ್ನು ಎಬ್ಬಿಸಲು ಅಲ್ಲ.

ಹಾಗಾಗಿ ಒಂದು ಪೆಟ್ರೋಲ್ ಕಾರಿರುವ ಮನೆಗೆ 4ರಿಂದ 6 ಆಂಪಿಯರ್ ಸಾಕು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಮನೆಯಲ್ಲಿ ಟ್ರ್ಯಾಕ್ಟರೂ ಇರುತ್ತದೆ. ಭತ್ತದ ಕೆಲಸ ಮುಗಿದ ಮೇಲೆ ಅದು ವಾರಗಟ್ಟಲೆ ನಿಂತೇ ಇರುತ್ತದೆ. ಟ್ರ್ಯಾಕ್ಟರಿನದೂ 12 ವೋಲ್ಟೇ, ಬ್ಯಾಟರಿ ಮಾತ್ರ ದೊಡ್ಡದು. ಅಂಥ ಮನೆಗೆ 10 ಆಂಪಿಯರ್‌ದು ತೆಗೆದುಕೊಳ್ಳಬಹುದು, ಆದರೆ ಕಾರಿಗೆ ಹಚ್ಚುವಾಗ 4–5ಕ್ಕೆ ಇಳಿಸುವ ಗುಂಡಿ ಇರಲೇಬೇಕು. 24 ವೋಲ್ಟಿಗೆ ತಿರುಗಿಸುವ ಸ್ವಿಚ್ ಇರುವ ಚಾರ್ಜರ್ ಲಾರಿ ಇಟ್ಟವರಿಗೆ ಬೇಕು. ಮನೆಗೆ ಬೇಡವೇ ಬೇಡ. ಯಾರೋ ಕೈ ತಗುಲಿಸಿ ಸ್ವಿಚ್ ತಿರುಗಿತೆಂದರೆ 12 ವೋಲ್ಟಿನ ಬ್ಯಾಟರಿ ಕುದಿಯಲು ಶುರುವಾಗುತ್ತದೆ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. 35 ಎಎಚ್ ಬ್ಯಾಟರಿ ಪೂರ್ತಿ ಖಾಲಿಯಿಂದ ತುಂಬಿದರೂ ಒಂದು ಯೂನಿಟ್ ಆಗುವುದಿಲ್ಲ. 10 ಆಂಪಿಯರ್ ಚಾರ್ಜರ್ ಕೂಡ ಗೋಡೆಯ ಸಾಕೆಟ್ಟಿನಿಂದ ಎಳೆಯುವುದು 1 ಆಂಪಿಯರ್ ಆಸುಪಾಸು. ಸಾಮಾನ್ಯ 5 ಆಂಪಿಯರ್ ಸಾಕೆಟ್ ಸಾಕು.

ನಿಲ್ಲಿಸಲು ಗೊತ್ತಿರುವ ಚಾರ್ಜರ್

ನಲ್ಲಿ ಕೆಳಗೆ ಕೊಡ ಇಟ್ಟಾಗ ಮೊದಲು ನಲ್ಲಿಯನ್ನು ಪೂರ್ತಿ ತಿರುವುತ್ತೀರಿ. ನೀರು ಕಂಠಕ್ಕೆ ಬಂದಾಗ ಸಣ್ಣಗೆ ಮಾಡುತ್ತೀರಿ. ತುಂಬಿದ ಮೇಲೆ ಬಂದ್. ಒಳ್ಳೆಯ ಚಾರ್ಜರ್ ಇದೇ ಮೂರು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲ ಹಂತದಲ್ಲಿ ಪೂರ್ತಿ ಆಂಪಿಯರ್ ಕೊಡುತ್ತದೆ, ವೋಲ್ಟೇಜು ಏರುತ್ತ ಹೋಗುತ್ತದೆ. 14.4 ವೋಲ್ಟ್ ಮುಟ್ಟಿದ ಮೇಲೆ ಅಲ್ಲೇ ನಿಲ್ಲಿಸಿಕೊಂಡು ಕರೆಂಟನ್ನು ತಾನಾಗಿ ಇಳಿಯಲು ಬಿಡುತ್ತದೆ. ಬ್ಯಾಟರಿ ತುಂಬಿತು ಅನ್ನುವಾಗ 13.5 ಆಸುಪಾಸಿಗೆ ಇಳಿದು ಬರೀ ಕಾಯುತ್ತದೆ. ಇದಕ್ಕೆ ಫ್ಲೋಟ್ ಅನ್ನುತ್ತಾರೆ. ಪೆಟ್ಟಿಗೆಯ ಮೇಲೆ ‘ಸ್ಮಾರ್ಟ್’, ‘ಮಲ್ಟಿ ಸ್ಟೇಜ್’ ಎಂದು ಬರೆದಿರುವುದು ಇದಕ್ಕೇ.

14.4 ದಾಟಿದರೆ ಏನಾಗುತ್ತದೆ? ಕರೆಂಟು ಸಲ್ಫೇಟ್ ಕರಗಿಸುವ ಬದಲು ನೀರನ್ನೇ ಒಡೆದು ಹೈಡ್ರೋಜನ್, ಆಕ್ಸಿಜನ್ ಮಾಡತೊಡಗುತ್ತದೆ. ನೀರು ಆರುತ್ತದೆ, ಪ್ಲೇಟು ಬಿಸಿಯಾಗುತ್ತದೆ. ಹಳೆಯ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಚಾರ್ಜರಿನ ತೊಂದರೆ ಇದೇ. ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಗೋಡೆಯ ವೋಲ್ಟೇಜು ಏರಿದಂತೆ ಅದರ ವೋಲ್ಟೇಜೂ ಏರುತ್ತದೆ. 230ಕ್ಕೆ 14.4 ಕೊಡುತ್ತಿದ್ದದ್ದು, ರಾತ್ರಿ ಲೋಡ್ ಕಡಿಮೆಯಾಗಿ ಲೈನು 260ಕ್ಕೆ ಹೋದರೆ 16ರ ಮೇಲೆ ಕೊಡುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಗ್ರ್ಯಾವಿಟಿ (ಆಮ್ಲದ ಸಾಂದ್ರತೆ) ನೋಡುತ್ತ ಪಕ್ಕದಲ್ಲೇ ಮನುಷ್ಯ ಇರುತ್ತಾನೆ, ಅಲ್ಲಿ ಅದು ನಡೆಯುತ್ತದೆ. ಮನೆಯಲ್ಲಿ ಹಚ್ಚಿ ಮಲಗುವವರಿಗೆ ಅದು ತಕ್ಕದ್ದಲ್ಲ.

ಈ 14.4 ಎಂಬುದು 25 ಡಿಗ್ರಿ ಬಿಸಿಗೆ ಹೇಳಿದ ಅಂಕಿ. ರಾಯಚೂರಿನ ಏಪ್ರಿಲ್‌ನಲ್ಲಿ 40 ದಾಟುತ್ತದೆ. ಬ್ಯಾಟರಿ ಬಿಸಿಯಾದಷ್ಟೂ ಕಡಿಮೆ ವೋಲ್ಟಿಗೇ ನೀರು ಒಡೆಯಲು ಶುರುವಾಗುತ್ತದೆ, ಒಂದು ಡಿಗ್ರಿಗೆ ಹತ್ತಿರಹತ್ತಿರ 0.02 ವೋಲ್ಟಿನ ವ್ಯತ್ಯಾಸ. 40 ಡಿಗ್ರಿಯಲ್ಲಿ 14.1ಕ್ಕೇ ನಿಲ್ಲಿಸಬೇಕು. ಅದಕ್ಕೇ ನಮ್ಮ ಮೂರೂ ಜಿಲ್ಲೆಗೆ ‘ಟೆಂಪರೇಚರ್ ಕಾಂಪನ್ಸೇಶನ್’ ಇರುವ ಚಾರ್ಜರಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಸರಿ. ಅದಿಲ್ಲದಿದ್ದರೆ ನೆರಳಿನಲ್ಲಿ, ಎಂಜಿನ್ ಆರಿದ ಮೇಲೆ, ರಾತ್ರಿ ಹೊತ್ತು ಹಚ್ಚಿ. ಇನ್ನೊಂದು ಮಾತು: ಎಷ್ಟೋ ಚಾರ್ಜರುಗಳ ಮೇಲೆ ಹಿಮದ ಹರಳಿನ ಚಿತ್ರವಿರುವ ಗುಂಡಿ ಇರುತ್ತದೆ. ಅದು ಚಳಿದೇಶಕ್ಕೆ ಮತ್ತು ಎಜಿಎಂ ಬ್ಯಾಟರಿಗೆ, ವೋಲ್ಟೇಜನ್ನು 14.7ಕ್ಕೆ ಏರಿಸುತ್ತದೆ. ಮಾಮೂಲಿ ನೀರಿನ ಬ್ಯಾಟರಿಗೆ ನಮ್ಮ ಬಿಸಿಲಲ್ಲಿ ಅದನ್ನು ಒತ್ತಬೇಡಿ.

ಎಜಿಎಂ ಎಂದರೆ ಆಮ್ಲವನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಬ್ಯಾಟರಿ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಕೆಲವು ಕಾರುಗಳಲ್ಲಿ ಇರುತ್ತದೆ. ಲೇಬಲ್ಲಿನಲ್ಲಿ ಎಜಿಎಂ ಎಂದೇ ಬರೆದಿರುತ್ತದೆ. ಬರೆದಿಲ್ಲವೆಂದರೆ ಸಾಮಾನ್ಯ ಮೋಡ್‌ನಲ್ಲೇ ಚಾರ್ಜ್ ಮಾಡಿ. ಲಿಥಿಯಂ ಬ್ಯಾಟರಿಗೆ ಪ್ರತ್ಯೇಕ ಮೋಡ್ ಇಲ್ಲದ ಚಾರ್ಜರ್ ಮುಟ್ಟಿಸಲೇಬಾರದು.

ಕೈಯಲ್ಲಿ ಹಿಡಿದು ನೋಡುವಾಗ

ಮೊದಲು ಕ್ಲಿಪ್ಪನ್ನು ಬಾಯಿ ತೆರೆಸಿ ನೋಡಿ. ಅಗ್ಗದ ಮೊಸಳೆ ಕ್ಲಿಪ್ಪಿನಲ್ಲಿ ವೈರು ಒಂದೇ ದವಡೆಗೆ ಸೇರಿರುತ್ತದೆ, ಇನ್ನೊಂದು ದವಡೆ ಬರೀ ತಗಡು. ಹಲ್ಲು ತಿರುವುಮುರುವಾಗಿ ಕೂತರೆ ಕರೆಂಟು ನಡುವಿನ ಸಣ್ಣ ಸ್ಪ್ರಿಂಗಿನ ಮೂಲಕ ಹಾಯಬೇಕಾಗುತ್ತದೆ. ಕ್ಲಿಪ್ಪು ಬಿಸಿಯಾಗುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಎರಡೂ ದವಡೆಯ ನಡುವೆ ತಾಮ್ರದ ಪಟ್ಟಿಯೋ ಹೆಣೆದ ವೈರೋ ಇದ್ದರೆ ಅದು ಸರಿಯಾದ ಕ್ಲಿಪ್ಪು.

ಕೆಂಪು, ಕಪ್ಪು ಅದಲುಬದಲಾದರೆ ತಡೆಯುವ ರಕ್ಷಣೆ ಇರಬೇಕು. ಅದಿಲ್ಲದ ಚಾರ್ಜರನ್ನು ತಿರುವುಮುರುವು ಹಚ್ಚಿದರೆ ಕಾರಿನ ಫ್ಯೂಸು, ಆಲ್ಟರ್ನೇಟರಿನ ಡಯೋಡು ಸುಡಬಹುದು. ಇನ್‌ಪುಟ್ ವೋಲ್ಟೇಜ್ ಎಷ್ಟರಿಂದ ಎಷ್ಟರವರೆಗೆ ಎಂದು ಹಿಂದಿನ ಚೀಟಿಯಲ್ಲಿ ಓದಿ. ಲೈನು ಏರಿಳಿಯುವ ಹಳ್ಳಿಗೆ 170ರಿಂದ 260ರವರೆಗೆ ತಾಳುವುದು ಬೇಕು. ಇನ್ನು ಧೂಳು. ಬಳ್ಳಾರಿ ಕಡೆಯ ಅದಿರಿನ ಕೆಂಪು ಧೂಳು, ಊರ ತುಂಬ ಇರುವ ರೈಸ್‌ಮಿಲ್ಲು, ಜಿನ್ನಿಂಗ್ ಮಿಲ್ಲುಗಳ ಧೂಳು ಫ್ಯಾನಿರುವ ಚಾರ್ಜರಿನ ಒಳಹೊಕ್ಕು ಕೂರುತ್ತದೆ. ಐಪಿ65 ಎಂದಿದ್ದರೆ ಮೊದಲ 6 ಧೂಳು ಒಳಗೆ ಹೋಗದೆಂಬ ಗುರುತು, 5 ನೀರು ಸಿಡಿದರೂ ತಾಳುವುದೆಂಬ ಗುರುತು.

ಕರೆಂಟ್ ಹೋಗಿ ಬಂದಾಗ ಚಾರ್ಜರ್ ಏನು ಮಾಡುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ. ಜೆಸ್ಕಾಂ ಲೈನಿನಲ್ಲಿ ರಾತ್ರಿ ಕರೆಂಟು ಹತ್ತು ನಿಮಿಷ ಹೋಯಿತು ಅನ್ನಿ. ಕೆಲವು ಚಾರ್ಜರ್ ಬಿಟ್ಟಲ್ಲಿಂದಲೇ ಮುಂದುವರಿಯುತ್ತವೆ. ಕೆಲವು ಮತ್ತೆ ಗುಂಡಿ ಒತ್ತುವ ತನಕ ಸುಮ್ಮನೆ ಕೂರುತ್ತವೆ. ಅಂಥದ್ದು ನಮಗೆ ಕೆಲಸಕ್ಕೆ ಬಾರದು. ಅಂಗಡಿಯಲ್ಲೇ ಹಚ್ಚಿ, ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಗೊತ್ತಾಗಿಬಿಡುತ್ತದೆ.

ಮನೆಯ ಇನ್ವರ್ಟರ್ ಇದೆಯಲ್ಲ, ಅದರಿಂದ ಆಗದೇ?

ಆಗದು. ಇನ್ವರ್ಟರ್ ತನ್ನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಗೆ ತಕ್ಕಂತೆ 10–15 ಆಂಪಿಯರ್ ತಳ್ಳುತ್ತದೆ. 35 ಎಎಚ್‌ನ ಕಾರ್ ಬ್ಯಾಟರಿಗೆ ಅದು ಮಿತಿ ಮೀರಿದ ಹೊರೆ. ಎರಡು ಬ್ಯಾಟರಿಯನ್ನು ಒಟ್ಟಿಗೆ ಜೋಡಿಸಿದರೆ ತುಂಬಿದ್ದು ಇಳಿದದ್ದರೊಳಕ್ಕೆ ಒಮ್ಮೆಲೇ ನುಗ್ಗುತ್ತದೆ, ಕಿಡಿಯೂ ಹಾರುತ್ತದೆ. ಜೇಬಿನಲ್ಲಿ ಹಿಡಿಯುವ ಲಿಥಿಯಂ ಜಂಪ್ ಸ್ಟಾರ್ಟರ್ ಕೂಡ ಚಾರ್ಜರ್ ಅಲ್ಲ. ಅದು ಆ ಹೊತ್ತಿಗೆ ಎಂಜಿನ್ ಎಬ್ಬಿಸುತ್ತದೆ ಅಷ್ಟೇ, ಬ್ಯಾಟರಿ ಖಾಲಿಯೇ ಉಳಿಯುತ್ತದೆ.

ಹಚ್ಚುವ ಕ್ರಮ

ಜಾಗಕ್ಕೆ ಗಾಳಿ ಆಡಬೇಕು. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ 4 ಪ್ರತಿಶತ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಶೆಟರ್ ಎಳೆದ ಗ್ಯಾರೇಜು, ದೇವರ ದೀಪ, ಗ್ಯಾಸ್ ಒಲೆ, ಬೀಡಿ ಯಾವುದೂ ಹತ್ತಿರ ಬೇಡ.

ಟರ್ಮಿನಲ್ಲಿಗೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆ ಬ್ರಶ್ಶಿನಿಂದ ತಿಕ್ಕಿ ಒರೆಸಿ. ಆ ನೀರು ಸೆಲ್ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಮೇಲಿನ ಗೆರೆಯ ತನಕ ತುಂಬುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜಿನಲ್ಲಿ ಆಮ್ಲ ಉಬ್ಬಿ ಉಕ್ಕುತ್ತದೆ. ಬೋರಿನ ನೀರಂತೂ ಬೇಡವೇ ಬೇಡ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ, ಅದೂ ಬೇಡ.

ಗೋಡೆಯ ಸ್ವಿಚ್ ಆಫ್ ಇರುವಾಗಲೇ ಕೆಂಪು ಕ್ಲಿಪ್ಪನ್ನು ಪ್ಲಸ್‌ಗೆ ಹಚ್ಚಿ. ಕಪ್ಪನ್ನು ಬ್ಯಾಟರಿಯಿಂದ ದೂರದ, ಬಣ್ಣವಿಲ್ಲದ ಎಂಜಿನ್ ಬೋಲ್ಟಿಗೆ ಅಥವಾ ಬಾಡಿಯ ಕಬ್ಬಿಣಕ್ಕೆ ಹಚ್ಚಿ. ಹೀಗೆ ಮಾಡಿದರೆ ಕಿಡಿ ಹಾರಿದರೂ ಬ್ಯಾಟರಿಯ ಮೇಲೆ ಹಾರುವುದಿಲ್ಲ. ಹೊಸ ಕಾರುಗಳಲ್ಲಿ ಮೈನಸ್ ಟರ್ಮಿನಲ್ಲಿನ ಮೇಲೆ ಕೂತಿರುವ ಸೆನ್ಸರಿಗೂ ಎಷ್ಟು ಚಾರ್ಜ್ ಹೋಯಿತೆಂಬ ಲೆಕ್ಕ ಸಿಗುತ್ತದೆ. ಆಮೇಲೆ ಸ್ವಿಚ್ ಹಾಕಿ. ಬಿಚ್ಚುವಾಗ ತಿರುಗಿ ಬನ್ನಿ: ಸ್ವಿಚ್, ಕಪ್ಪು, ಕೆಂಪು. ಮಲಗುವ ತನಕ ಅರ್ಧ ಗಂಟೆಗೊಮ್ಮೆ ಬ್ಯಾಟರಿಯ ಪಕ್ಕ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ ದೂರ ಸರಿಯಿರಿ.

‘ರಿಪೇರ್’, ‘ಪಲ್ಸ್’ ಎಂಬ ಗುಂಡಿ ವೋಲ್ಟೇಜನ್ನು 16ರ ಹತ್ತಿರ ಒಯ್ಯಬಹುದು. ಅದನ್ನು ಬ್ಯಾಟರಿಯ ಕೇಬಲ್ ಎರಡೂ ಬಿಚ್ಚಿದ ಮೇಲಷ್ಟೇ ಒತ್ತಬೇಕು, ಇಲ್ಲವೆಂದರೆ ಕಾರಿನ ಕಂಪ್ಯೂಟರಿಗೆ ಪೆಟ್ಟು. ಈಚೆಗೆ ಕೂತ ಸಲ್ಫೇಟಿಗೆ ಒಂದಿಷ್ಟು ಉಪಯೋಗವಾಗಬಹುದು. ಗಟ್ಟಿಯಾದದ್ದು ಅದಕ್ಕೂ ಬಿಡುವುದಿಲ್ಲ.

ಚಾರ್ಜ್ ಹಿಡಿಯದಿದ್ದರೆ

ಚಾರ್ಜರ್ ಹಚ್ಚಿದ ಕೂಡಲೇ ಎರರ್ ತೋರಿಸಿದರೆ ಚಾರ್ಜರೇ ಕೆಟ್ಟಿದೆ ಅನ್ನಬೇಡಿ. ಬ್ಯಾಟರಿ ತೀರಾ ಇಳಿದು ಕೆಲವೇ ವೋಲ್ಟ್ ಉಳಿದಿದ್ದರೆ ಸ್ಮಾರ್ಟ್ ಚಾರ್ಜರಿಗೆ ಅಲ್ಲಿ ಬ್ಯಾಟರಿ ಇದೆಯೆಂದೇ ಗೊತ್ತಾಗುವುದಿಲ್ಲ. ‘ಫೋರ್ಸ್’ ಅಥವಾ ‘ಸಪ್ಲೈ’ ಮೋಡ್ ಇದ್ದರೆ ಕಣ್ಣೆದುರಿಗೇ ಹತ್ತು ನಿಮಿಷ ಕೊಟ್ಟು, ಆಮೇಲೆ ಮಾಮೂಲಿ ಮೋಡಿಗೆ ತನ್ನಿ. ಇಲ್ಲದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಎಬ್ಬಿಸಿಕೊಡುತ್ತಾರೆ.

ಚಾರ್ಜರಿನ ಜೊತೆಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ 20 ವೋಲ್ಟ್‌ಗೆ ತಿರುಗಿಸಿ ಟರ್ಮಿನಲ್ಲಿಗೆ ಹಿಡಿಯಿರಿ. ಚಾರ್ಜ್ ಮಾಡಿದ ಕೂಡಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಬಿಚ್ಚಿ ಆರೇಳು ಗಂಟೆ ಬಿಟ್ಟು ಅಳೆಯಿರಿ. 12.6 ಅಥವಾ ಮೇಲಿದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ. ಇಷ್ಟು ದಿನ ಊರಿಗೆ ಹೋಗುತ್ತೇವೆ ಎಂದು ಮೊದಲೇ ಗೊತ್ತಿದ್ದರೆ ಬ್ಯಾಟರಿ ತುಂಬಿಸಿ, ಸ್ಪಾನರಿನಿಂದ ಮೈನಸ್ ಕೇಬಲ್ ಬಿಚ್ಚಿಟ್ಟು ಹೋಗಿ. ಬೀಗ ಹಾಕಿದ ಮನೆಯಲ್ಲಿ ಚಾರ್ಜರ್ ಓಡಿಸುತ್ತ ಬಿಡುವುದಕ್ಕಿಂತ ಇದು ಸುರಕ್ಷಿತ. ಗಡಿಯಾರ, ರೇಡಿಯೋ ಸೆಟ್ಟಿಂಗು ಮಾತ್ರ ಮತ್ತೆ ಸರಿ ಮಾಡಬೇಕಾಗುತ್ತದೆ.

ಇಡೀ ರಾತ್ರಿ ಚಾರ್ಜ್ ಮಾಡಿದ ಮೇಲೂ ಮೀಟರ್ 10.5 ಆಸುಪಾಸಿಗೆ ಬಂದು ನಿಂತರೆ ಆ ಆರು ಸೆಲ್‌ಗಳ ಲೆಕ್ಕ ನೆನಪಿಸಿಕೊಳ್ಳಿ. 12.6ರಲ್ಲಿ 2.1 ಕಳೆದಿದೆ, ಅಂದರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ. ಯಾವ ಚಾರ್ಜರೂ ಅದನ್ನು ಎಬ್ಬಿಸದು. ಹೊಸ ಬ್ಯಾಟರಿ ತರುವಾಗ ಹಳೆಯದನ್ನು ಅದೇ ಅಂಗಡಿಗೆ ಎಕ್ಸ್‌ಚೇಂಜ್‌ಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿಗಳು ಮರುಬಳಕೆ ಘಟಕಕ್ಕೇ ಹೋಗಬೇಕು, ಒಳಗಿನ ಸೀಸಕ್ಕೆ ಬೆಲೆ ಇರುವುದರಿಂದ ನಿಮಗೂ ಬಿಲ್ಲಿನಲ್ಲಿ ಒಂದಿಷ್ಟು ಕಡಿತ ಸಿಗುತ್ತದೆ.